ಆನೆ ಹೊಲಿದ ಕೈ

ಕೋಗಿಲು, ಯಲಹಂಕ
ಮಂಗಳವಾರ, ೧೨ ನವೆಂಬರ್ ೨೦೨೪

ಸುಬೇದಾರ್ ವಿರೂಪಾಕ್ಷ ಸಾಹೇಬರಿಗೆ ನಿಮ್ಮ ಟೈಲರ್ ನಾಗಭೂಷಣನ ನಮಸ್ಕಾರಗಳು.

ಎರಡು ಕಿಲೋಮೀಟರ್ ದೂರದಲ್ಲಿರುವವನು ಪತ್ರ ಬರೆದಿದ್ದಾನಲ್ಲ ಎಂದು ನಗಬೇಡಿ. ಶನಿವಾರದಿಂದ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಾನು ಬಾಯಿ ತೆರೆಯುವ ಮೊದಲೇ ನೀವು, "ಹೇಳಿ ಮಾಸ್ಟ್ರೇ, ಪೇಟ ಯಾವ್ ಸೈಜು?" ಎಂದಿರಿ. ಒಂದು ಸಲ ಇಪ್ಪತ್ತೆರಡು ಇಂಚು ಎಂದೆ, ಇನ್ನೊಂದು ಸಲ ಇಪ್ಪತ್ತಮೂರು ಎಂದೆ. ಹೇಳಬೇಕಾದ್ದು ಹಾಗೇ ಉಳಿಯಿತು. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ, ಅದಕ್ಕೇ ಇದು.

ಕಾಲೇಜಿನಲ್ಲಿ ನಮಗೆ ಲೆಟರ್ ರೈಟಿಂಗ್ ಹೇಳಿಕೊಟ್ಟ ಮೇಷ್ಟರು 'ಕಮ್ ಟು ದಿ ಪಾಯಿಂಟ್' ಎಂದು ಮೇಜು ಕುಟ್ಟುತ್ತಿದ್ದರು. ನಾನು ಎರಡನೇ ಬಿ.ಎ.ಗೇ ಕಾಲೇಜು ಬಿಟ್ಟವನು. ಪಾಯಿಂಟಿಗೆ ಬರುವ ಪಾಠ ಮೂರನೇ ವರ್ಷದಲ್ಲಿತ್ತೋ ಏನೋ.

ಶನಿವಾರ ನೀವು ತಂದು ತೋರಿಸಿದ ಆಹ್ವಾನ ಕಾರ್ಡಿನ ಕರಡಿನಲ್ಲಿ, 'ನಮ್ಮ ರೆಜಿಮೆಂಟಿನ ಲಾಂಛನವನ್ನು ಇಪ್ಪತ್ತಾರು ವರ್ಷ ತಮ್ಮ ಕೈಯಾರೆ ಹೊಲಿದ ಶ್ರೀ ನಾಗಭೂಷಣ ಅವರಿಗೆ ಸನ್ಮಾನ' ಎಂದಿದೆ. ನಿವೃತ್ತ ಸೈನಿಕರ ಸಂಘದವರೆಲ್ಲ ಸೇರುವ ಸಭೆ. ಸಾಹೇಬರೇ, ಆ ಬ್ಯಾಡ್ಜುಗಳನ್ನು ಹೊಲಿದದ್ದು ನಾನಲ್ಲ. ನನ್ನ ಹೆಂಡತಿ ಸುಬ್ಬಲಕ್ಷ್ಮಮ್ಮ.

ಬರೆದುಬಿಟ್ಟೆ. ಈಗ ಒಂದು ಲೋಟ ನೀರು ಕುಡಿದು ಬಂದೆ.

ಆರ್.ಟಿ. ನಗರದ ನನ್ನ ಅಂಗಡಿಯಲ್ಲಿ ಕೋಟು ಕತ್ತರಿಸಿ ಹೊಲಿಯುತ್ತಿದ್ದವನು ನಾನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಎದೆಜೇಬಿನ ಮೇಲಿನ ಬ್ಯಾಡ್ಜು, ಆ ಗುರಾಣಿ, ಹಿಂದೆ ಅಡ್ಡಲಾಗಿ ಎರಡು ಕತ್ತಿ, ನಡುವೆ ಜರಿ ದಾರದ ಆನೆ, ಅಷ್ಟೂ ಪರದೆಯ ಹಿಂದೆ ಕುಳಿತು ಅವಳು ಮಾಡಿದ್ದು. ತೊಂಬತ್ತೈದರಲ್ಲಿ ಮೊದಲ ಬ್ಯಾಡ್ಜು ಒಯ್ಯಲು ಬಂದ ನಿಮ್ಮ ಪಲ್ಟನ್ನಿನ ಹವಾಲ್ದಾರರೊಬ್ಬರು ಅದನ್ನು ಬೆಳಕಿಗೆ ಹಿಡಿದು, "ಏನ್ ಕೈ ಮಾಸ್ಟ್ರೇ ನಿಮ್ದು!" ಎಂದರು. ಆಗಲೇ ಹೇಳಬೇಕಿತ್ತು. ಹಲ್ಲು ಕಿರಿದೆ, ಅಷ್ಟೇ. ಅವರು ಹೋದ ಮೇಲೆ ಅವಳು ಪರದೆ ಸರಿಸಿಕೊಂಡು ಬಂದು, "ಎಲ್ಲಿ, ತೋರ್ಸಿ ನೋಡಣ ಆ ಕೈನ. ನಂಗೂ ಒಂದಿನ ಸಾಲ ಕೊಡ್ರಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಮ್ಮನಾಗುವವಳಲ್ಲ. ಬ್ಯಾಡ್ಜಿನ ಕೆಲಸವಿರುವ ದಿನ ಮನೆಯಲ್ಲಿ ಅಡುಗೆ ನನ್ನದು ಎಂದು ಅಂದೇ ಕರಾರು ಮಾಡಿದಳು. ನೀವು ನಮ್ಮ ಮನೆಯಲ್ಲಿ ಮೂರು ಸಲ ಉಂಡು ಹೊಗಳಿದ ಮುದ್ದೆ, ಬಸ್ಸಾರು ಇವೆಯಲ್ಲ, ಅವು ನನ್ನವು. ಆಗಲೂ ನೀವು ಹೊಗಳಿದ್ದು ಅವಳನ್ನೇ, ನಾನು ಸುಮ್ಮನಿದ್ದೆ. ಲೆಕ್ಕ ಸರಿಹೋಯಿತೆಂದು ಅವಳು ಕಣ್ಣು ಮಿಟುಕಿಸಿದ್ದಳು.

ಏನು ಹೊಲಿಯುತ್ತಿದ್ದೇನೆಂದು ತಿಳಿಯದೆ ಅವಳ ಸೂಜಿ ಓಡುತ್ತಿರಲಿಲ್ಲ. "ಈ ಆನೆ ಯಾಕ್ ಬಂತು?" ಎಂದು ಪ್ರಾಣ ತಿಂದಳು. ನಿಮ್ಮ ಕ್ಯಾಪ್ಟನ್ನರೊಬ್ಬರು ಕೊಟ್ಟಿದ್ದ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ಹೇಳಿದೆ. ಅಸ್ಸಾಯೆ ಎಂಬಲ್ಲಿ ಇಂಗ್ಲಿಷರು ಮರಾಠರ ಮೇಲೆ ಮಾಡಿದ ಕಾಳಗ, ಅಲ್ಲಿ ಕಾದಾಡಿದ ಮದ್ರಾಸ್ ಸಿಪಾಯಿಗಳಿಗೆ ಮರ್ಯಾದೆಯ ಗುರುತಾಗಿ ಸಿಕ್ಕಿದ ಆನೆ, ಅದೇ ಇಂದಿಗೂ ಮದ್ರಾಸ್ ರೆಜಿಮೆಂಟಿನ ಲಾಂಛನದಲ್ಲಿದೆ ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹಿಂದಿನ ಪುಟ ತಿರುಗಿಸಿ, ಅದಕ್ಕೂ ನಾಲ್ಕು ವರ್ಷ ಮುಂಚೆ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟಾಗ ಇದೇ ಮದ್ರಾಸ್ ಪಡೆಗಳೂ ಇದ್ದವು ಎಂದು ಓದಿದೆ.

ಅವಳು ಸೂಜಿ ಕೆಳಗಿಟ್ಟಳು. "ನಮ್ ಶ್ರೀರಂಗಪಟ್ಣದ್ ಮೇಲೆ ಬಂದೋರ್ಗೆ ನಾನ್ ಆನೆ ಹೊಲೀಬೇಕಾ? ಹೋಗ್ರೀ, ನೀವೇ ಹೊಲ್ಕೊಳಿ. ಹೆಂಗೂ ಕೈ ನಿಮ್ದೇ ಅಲ್ವಾ" ಎಂದಳು.

ಎರಡು ದಿನ ಕೆಲಸ ಬಂದ್. ಕಸೂತಿ ಚೌಕಟ್ಟಿನ ಮೇಲೆ ಅರ್ಧ ಆನೆ ಸೊಂಡಿಲಿಲ್ಲದೆ ನಿಂತಿತ್ತು. ನಾನು ಹೊಸ ಪರೀಕ್ಷೆಗೆ ಕುಳಿತವನ ಹಾಗೆ ಪುಸ್ತಕ ತಿರುವಿ ಹಾಕಿದೆ. ಕೊನೆಗೆ ಸಿಕ್ಕಿತು. ಸ್ವಾತಂತ್ರ್ಯದ ನಂತರ ನಮ್ಮ ಮೈಸೂರು ಮಹಾರಾಜರ ಪದಾತಿದಳವೂ ಇದೇ ರೆಜಿಮೆಂಟಿನೊಳಗೆ ಸೇರಿದೆ! ಆ ಒಂದು ಸಾಲನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಎರಡೆರಡು ಸಲ ಓದಿದೆ. ಅವಳು ಕೇಳಿಸಿಕೊಂಡು, "ಹಂಗಾದ್ರೆ ನಮ್ಮೋರೂ ಅವ್ರೆ ಅನ್ನಿ. ಮೊದ್ಲೇ ಬೊಗಳಕ್ಕೇನಾಗಿತ್ತು? ದಾರ ಕೊಡ್ರಿ ಇತ್ಲಾಗೆ" ಎಂದಳು. ಅಂದಿನಿಂದ ಅವಳ ಆನೆಗಳು ನಿಂತದ್ದಿಲ್ಲ, ನಡೆದವು. ಒಂದು ಕಾಲು ಕೂದಲೆಳೆಯಷ್ಟು ಮುಂದಿಡುತ್ತಿದ್ದಳು. ನಿಮ್ಮವರು ಅದನ್ನೇ ಕಂಡು 'ನಾಗಭೂಷಣನ ಆನೆ' ಎಂದು ಹೆಸರಿಟ್ಟದ್ದು.

ಮೂರು ವರ್ಷದ ಹಿಂದೆ ಅವಳು ತೀರಿಹೋದಾಗ, ನನ್ನ ಕಣ್ಣು ಮಂಜಾಗಿದೆ ಎಂದು ನಿಮಗೆಲ್ಲ ಹೇಳಿ ಅಂಗಡಿ ಮುಚ್ಚಿದೆ. ನನ್ನ ಕಣ್ಣು ಚೆನ್ನಾಗಿಯೇ ಇದೆ. ಈ ಪತ್ರವನ್ನು ಕನ್ನಡಕವಿಲ್ಲದೆ ಬರೆಯುತ್ತಿದ್ದೇನೆ.

ಇಷ್ಟೆಲ್ಲ ಈಗೇಕೆ ಎಂದರೆ, ಶನಿವಾರ ನೀವು ಕಾಫಿ ಕುಡಿದು ಹೋದ ಮೇಲೆ ನನ್ನ ಮಗಳು ಮಂಜುಶ್ರೀ ಲೋಟ ತೊಳೆಯುತ್ತ ಕೇಳಿದಳು: "ಅಪ್ಪಾ, ಶಾಲು ಹೊದ್ಕೊಂಡ್ ಬಂದು ಅಮ್ಮನ್ ಫೋಟೋಗೆ ಏನಂತ ಹೇಳ್ತೀಯ?"

ನಿಮ್ಮಮ್ಮನಿಗೆ ಈ ವಿಷಯದಲ್ಲಿ ಯಾವತ್ತೂ ಬೇಜಾರಿರಲಿಲ್ಲ ಕಣಮ್ಮ ಎಂದೆ.

"ಅಮ್ಮಂಗಿರ್ಲಿಲ್ಲ. ನಂಗಿದೆ" ಎಂದಳು.

ಅಷ್ಟೇ ಅಂದದ್ದು. ಮಧ್ಯಾಹ್ನ ನನಗೆ ಊಟವನ್ನೂ ಬಡಿಸಿದಳು, ಜೊತೆಯಲ್ಲಿ ಕುಳಿತು ಟೀವಿಯನ್ನೂ ನೋಡಿದಳು. ನಾನೇ ಎದ್ದು ಹೋಗಿ ನಿಮಗೆ ಮೊದಲ ಸಲ ಫೋನ್ ಮಾಡಿದೆ.

ಕಾರ್ಡು ಗುರುವಾರ ಅಚ್ಚಿಗೆ ಹೋಗುತ್ತದೆಂದು ಹೇಳಿದ್ದಿರಿ. ದಯವಿಟ್ಟು ನನ್ನ ಹೆಸರು ಹೊಡೆದು ಹಾಕಿ 'ದಿವಂಗತ ಶ್ರೀಮತಿ ಸುಬ್ಬಲಕ್ಷ್ಮಮ್ಮ' ಎಂದು ಹಾಕಿಸಿ. ಶಾಲು ಮಂಜುಶ್ರೀಗೆ ಹೊದಿಸಿ. ಪೇಟ ಬೇಡ, ಇಪ್ಪತ್ತೆರಡೂ ಬೇಡ, ಇಪ್ಪತ್ತಮೂರೂ ಬೇಡ. ಮೈಕಿನಲ್ಲಿ ಅವಳ ಹೆಸರನ್ನು ನಿಮ್ಮ ಆ ಪೆರೇಡ್ ದನಿಯಲ್ಲಿ, ಕೊನೆಯ ಸಾಲಿಗೂ ಕೇಳುವಂತೆ ಕೂಗಬೇಕು. ನಾನು ಕೆಳಗೆ ಕುಳಿತು ಚಪ್ಪಾಳೆ ತಟ್ಟುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಅದೊಂದನ್ನು ಮಾತ್ರ ಮಾಡಲಿಲ್ಲ ನೋಡಿ.

ಇಂಥ ಸುಳ್ಳುಗಾರನ ಸಹವಾಸವೇ ಬೇಡ ಎಂದು ಕಮಿಟಿಯವರು ತೀರ್ಮಾನಿಸಿದರೆ ಅದೂ ನ್ಯಾಯವೇ. ಅವರ ಕೋಪ ನನ್ನ ಮೇಲಿರಲಿ, ಅವಳ ಹೆಸರಿನ ಮೇಲೆ ಬೇಡ. ಪತ್ರ ತಂದ ಮಂಜುಶ್ರೀ ಹತ್ತಿರವೇ ಉತ್ತರ ಹೇಳಿ ಕಳಿಸಿ. ಮನಸ್ಸು ಹಗುರವಾಗಿದೆ. ಒಲೆಯ ಮೇಲೆ ಅವರೆಕಾಳು ಬೇಯುತ್ತಿದೆ, ಅದನ್ನು ನೋಡಬೇಕು.

ಇಂತಿ ನಿಮ್ಮ ವಿಶ್ವಾಸಿ,
ಸುಬ್ಬಲಕ್ಷ್ಮಮ್ಮನ ಗಂಡ
ನಾಗಭೂಷಣ

ತಾ.ಕ.: ಎಲ್ಲವೂ ಅವಳು ಹೊಲಿದದ್ದೇ ಎಂದರೆ ಅದೂ ಪೂರಾ ನಿಜವಾಗುವುದಿಲ್ಲ. ೨೦೧೩ರ ಮೇ ತಿಂಗಳಲ್ಲಿ ಅವಳು ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದಳು. ಆಗಷ್ಟೇ ನಿವೃತ್ತರಾಗಿದ್ದ ನೀವು ಬ್ಯಾಡ್ಜು ನಾಳೆಗೇ ಬೇಕೆಂದು ಅಂಗಡಿಯಲ್ಲಿ ಕೂತುಬಿಟ್ಟಿರಿ. ಆ ಒಂದನ್ನು ನಾನೇ ಹೊಲಿದೆ. ಇಂದಿಗೂ ನಿಮ್ಮ ಕೋಟಿನ ಮೇಲಿರುವುದು ಅದೇ. ಅದರ ಆನೆಗೆ ಬಾಲವಿಲ್ಲ. ಬೇಕಿದ್ದರೆ ಕೋಟನ್ನು ಮಂಜುಶ್ರೀ ಕೈಯಲ್ಲಿ ಕೊಟ್ಟು ಕಳಿಸಿ, ತಾಯಿಯಿಂದ ಕಲಿತಿದ್ದಾಳೆ, ಭಾನುವಾರದ ಸಭೆಗೆ ಮೊದಲೇ ಬಾಲ ಹಾಕಿಕೊಡುತ್ತಾಳೆ. ಹಾಗೇ ಇರಲಿ ಎಂದರೆ ನನಗೆ ಇನ್ನೂ ಸಂತೋಷ.