ಗೋಡೆಗೆ ಹೋದ ಮಡಿಲಕ್ಕಿ

ಪ್ರಾಸ್ಪೆಕ್ಟ್, ಅಡಿಲೇಡ್
೧೧ ಮೇ ೨೦೨೬, ಸೋಮವಾರ

ಪ್ರೀತಿಯ ಇಂದಿರಾ ಚಿಕ್ಕಮ್ಮನಿಗೆ,

ನಮ್ಮ ಗೋಡೆಗೆ ಮೊದಲ ಬಹುಮಾನ ಬಂದಿದೆ! ಶನಿವಾರ ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ಬೇರೆ ತರಗತಿಯವರೆಲ್ಲ ರಟ್ಟಿನ ಅರಮನೆ, ಥರ್ಮಾಕೋಲಿನ ಗೋಪುರ ತಂದಿದ್ದರು. ನಾನು ಕಲಿಸುವ ತರಗತಿಯದು ಮಾತ್ರ ನಿಜವಾದ ಗೋಡೆ. ಮಕ್ಕಳು ಅದರ ಮೇಲೆ ಹತ್ತಿ ನಿಂತು ಕೂಗಾಡಿದರೂ ಒಂದು ಹೆಂಟೆ ಉದುರಲಿಲ್ಲ!

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಇಷ್ಟು ದಿನ ಕಾಗದ ಬರೆಯದಿದ್ದುದಕ್ಕೆ ಬೈದುಕೊಳ್ಳಬೇಡಿ. ಹೊಸ ಮನೆ, ಹೊಸ ಅಡುಗೆಮನೆ, ಹೊಸ ಗಂಡ. ಕೌಸ್ತುಭ್ ದಿನಾ ಬೆಳಿಗ್ಗೆ ಕಾಫಿ ತಂದು ಹಾಸಿಗೆಯ ಪಕ್ಕದಲ್ಲಿಡುತ್ತಾನೆ. ದಿನಾ ಸಕ್ಕರೆ ಹಾಕುವುದನ್ನು ಮರೆಯುತ್ತಾನೆ. ನಾನು ದಿನಾ ಕುಡಿದು "ಸೂಪರ್" ಎನ್ನುತ್ತೇನೆ. ಇಂಥವನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮೂರು ವಾರದಿಂದ ನಾನು ಫೋನ್ ಮಾಡಿದಾಗಲೆಲ್ಲ ನೀವು "ಆಮೇಲೆ ಮಾತಾಡೋಣ ಪುಟ್ಟಿ" ಎನ್ನುತ್ತೀರಿ. ಅದಕ್ಕೇ ಕಾಗದ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ. ತಪ್ಪಿದ್ದರೆ ನಕ್ಕುಬಿಡಿ. ನೀವು ನಕ್ಕರೆ ನನಗೆ ಅಷ್ಟೇ ಸಾಕು.

ಹಿಂದಿನ ಕಾಲದಲ್ಲಿ ದೇಶದ ಗಡಿ ಕಾಯಲು ಗೋಡೆಗಳನ್ನು ಹೇಗೆ ಕಟ್ಟುತ್ತಿದ್ದರು ಎಂಬುದು ನನ್ನ ಪಾಲಿಗೆ ಬಂದ ಪಾಠ. ಚೀನಾದ ಮಹಾಗೋಡೆ ಪೂರ್ತಿ ಕಲ್ಲಿನದೆಂದು ನಾನು ತಿಳಿದಿದ್ದೆ. ಓದಿದರೆ ಬೇರೆಯೇ ಕಥೆ! ಮೊದಮೊದಲು ಕಟ್ಟಿದ್ದರಲ್ಲಿ ಬಹಳಷ್ಟು ಬರೀ ಮಣ್ಣು. ಎರಡು ಕಡೆ ಹಲಗೆ ನಿಲ್ಲಿಸಿ, ನಡುವೆ ಸ್ವಲ್ಪ ಹಸಿ ಮಣ್ಣು ಸುರಿದು, ಮರದ ದಿಮ್ಮಿಯಿಂದ ಕುಟ್ಟಿ ಕುಟ್ಟಿ ಅರ್ಧಕ್ಕೆ ಇಳಿಸುವುದು. ಅದರ ಮೇಲೆ ಇನ್ನೊಂದು ಪದರ. ಗೋಡೆ ಎದ್ದಂತೆ ಹಲಗೆಯನ್ನೂ ಮೇಲಕ್ಕೆ ಏರಿಸುವುದು. ಒಳ್ಳೆಯ ಮಣ್ಣು ಸಿಗದ ಮರಳುಗಾಡಿನಲ್ಲಿ ಜೊಂಡು ಮತ್ತು ಕುರುಚಲು ಗಿಡದ ಕೊಂಬೆ ಹಾಸಿ, ಮೇಲೆ ಜಲ್ಲಿ ಹರಡಿ, ಮತ್ತೆ ಜೊಂಡು ಹಾಸುತ್ತಿದ್ದರು. ಎಷ್ಟೋ ಶತಮಾನ ಕಳೆದು ಇಟ್ಟಿಗೆಯ ಗೋಡೆ ಬಂದಾಗ, ಸುಣ್ಣದ ಗಾರೆಗೆ ಅಂಟಕ್ಕಿಯ ಗಂಜಿ ಬೆರೆಸುತ್ತಿದ್ದರಂತೆ!

ಇದನ್ನು ಹೇಳಿದಾಗ ಇಂಚರಾ ಎಂಬ ಹುಡುಗಿ ಮೂಗು ಸುಕ್ಕಿಸಿ, "ಸೀರಿಯಸ್ಲಿ ಆಂಟಿ? ಆಕ್ಚುಯಲ್ ರೈಸ್?" ಎಂದಳು.

"ಹೂಂ ಕಣೇ, ನಾವು ತಿನ್ನೋ ಥರದ್ದೇ."

"ದೆನ್ ವಾಟ್ ಡಿಡ್ ದೇ ಈಟ್?"

"ಹಲಗೆ ಹಿಡ್ಕೋ ಬಾ" ಎಂದುಬಿಟ್ಟೆ.

ಶಾಲೆಯ ಹಿಂದಿನ ಅಂಗಳದಲ್ಲಿ ಕೆಲಸ ಶುರುವಾಯಿತು. ಕೆಳಗಿನ ಅರ್ಧ ಕುಟ್ಟಿದ ಮಣ್ಣು, ಮೇಲಿನ ಅರ್ಧ ಇಟ್ಟಿಗೆ. ಕೌಸ್ತುಭ್ ಹಳೆಯ ಬೇಲಿಯ ಹಲಗೆ ಕಿತ್ತು ತಂದ. ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿದ ಅತ್ತೆ ನೇರವಾಗಿ ಅಲ್ಲಿಗೇ ಬಂದರು. "ಸುಣ್ಣ ಕಣ್ಣಿಗೆ ಹಾರಿದ್ರೆ ನನ್ನ ಹತ್ರ ಬರ್ಬೇಡಿ, ನಾನು ಮೂಳೆ ಡಾಕ್ಟರ್" ಎನ್ನುತ್ತ ಎಲ್ಲರಿಗೂ ಕನ್ನಡಕ ಹಂಚಿದರು. ಹೊರಡುವಾಗ ಎಂದಿನ ಪ್ರಶ್ನೆ: "ಆ ಮಡಿಲಕ್ಕೀಲಿ ಪಾಯಸ ಯಾವತ್ತು ಮಾಡ್ತೀಯೇ? ನಂಗೆ ಶುಗರ್ ಬರೋದ್ರೊಳಗೆ ಮಾಡಮ್ಮ."

ಮದುವೆಯಲ್ಲಿ ನೀವು ನನ್ನ ಸೆರಗಿಗೆ ತುಂಬಿ ಕಳಿಸಿದ ಅಕ್ಕಿ ಚಿಕ್ಕಮ್ಮಾ. ಮೂರು ತಿಂಗಳಿಂದ ಸ್ಟೀಲಿನ ಡಬ್ಬದಲ್ಲಿತ್ತು.

ಮುಂದಿನದನ್ನು ನೀವು ನೋಡಿದ್ದೀರಿ. ಆದರೂ ಬರೆಯುತ್ತೇನೆ. ಗಾರೆಗೆ ಗಂಜಿ ಬೇಯಿಸುವಾಗ ಅಂಟಕ್ಕಿ ಸಾಲದೆ ಹೋಯಿತು, ಆ ಡಬ್ಬವನ್ನೂ ಪಾತ್ರೆಗೆ ಬಗ್ಗಿಸಿದೆ. "ಇದು ಸೋನಾ ಮಸೂರಿ ಕಣೇ, ಅಂಟೋದೇ ಇಲ್ಲ" ಎಂದ ಕೌಸ್ತುಭ್. "ನಾನು ಅಂಟಿಸ್ತೀನಿ ನೋಡು" ಎಂದೆ. ಮರುದಿನ ಗಾರೆಯ ತೊಟ್ಟಿಗೆ ಗಮ್‌ಬೂಟು ಹಾಕಿಕೊಂಡು ಇಳಿದು, ಕುಣಿಯುತ್ತ ತುಳಿಯತೊಡಗಿದೆ. ಅಷ್ಟರಲ್ಲಿ ನಿಮಗೆ ವಿಡಿಯೋ ಕಾಲ್ ಮಾಡುವ ಹುಮ್ಮಸ್ಸು ಬೇರೆ! ಫೋನ್ ಹಿಡಿದಿದ್ದ ಇಂಚರಾ ಕ್ಯಾಮೆರಾವನ್ನು ನನ್ನ ಕಾಲಿನ ಕಡೆ ಇಳಿಸಿದಳು. "ಚಿಕ್ಕಮ್ಮಾ, ನೋಡಿ, ನೀವು ತುಂಬಿದ ಮಡಿಲಕ್ಕಿ ಇದರೊಳಗಿದೆ! ಸಾವಿರ ವರ್ಷ ಇರುತ್ತೆ!" ಎಂದು ನಾನು ಕಿರುಚಿದೆ.

ನೀವು "ಚೆನ್ನಾಗಿದೆ ಪುಟ್ಟಿ. ಒಲೆ ಮೇಲೆ ಸಾರಿದೆ, ಬರ್ತೀನಿ" ಎಂದು ಫೋನ್ ಇಟ್ಟಿರಿ. ನಿಮ್ಮ ಹಿಂದೆ ಒಲೆ ಕಾಣುತ್ತಿತ್ತು ಚಿಕ್ಕಮ್ಮಾ. ಅದರ ಮೇಲೆ ಏನೂ ಇರಲಿಲ್ಲ.

ಅಂಗಳದಲ್ಲಿದ್ದ ಮಕ್ಕಳ ತಾಯಂದಿರೆಲ್ಲ ನನ್ನ ಬೂಟಿನ ಕಡೆ ನೋಡಿದರು. ಅವತ್ತೂ ಬಂದಿದ್ದ ಅತ್ತೆ ಮೆಲ್ಲಗೆ, "ಶರಣ್ಯಾ, ಕಾಲು ತೆಗಿ" ಎಂದರು. ಅಷ್ಟೇ. ಕಾಲು ತೆಗೆದೆ. ಬೂಟಿನ ಅಂಚಿಗೆ ಬೆಂದ ಅಗುಳು ಅಂಟಿತ್ತು. ಊಟಕ್ಕೆ ಕೂತಾಗ ಒಂದು ಅಗುಳು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳಲು ನನಗೆ ಕಲಿಸಿದವರು ನೀವು. ಅವತ್ತಿನಿಂದ ಅನ್ನ ಬಡಿಸಿಕೊಳ್ಳುವಾಗಲೆಲ್ಲ ನನ್ನ ಮುಖ ಬಿಸಿಯಾಗುತ್ತದೆ.

ಬಹುಮಾನ ಬಂದ ಸಂಜೆ ಕಾರ್ತಿಕ ಫೋನ್ ಮಾಡಿದ್ದ. "ಶರು, ಅಮ್ಮಂಗೆ ನೀನೇನು ಮಾಡ್ದೆ? ನಿಶ್ಚಿತಾರ್ಥದ ದಿನ ತಟ್ಟೆ ಮುಟ್ಟಲ್ಲ ಅಂತಿದ್ದಾಳೆ. ಶ್ರೀಲಕ್ಷ್ಮಿಗೆ ಸೀರೆ ಬೇರೆ ಯಾರಾದ್ರೂ ಕೊಡ್ಲಿ, ನಾನು ಹಿಂದೆ ಕೂತ್ಕೋತೀನಿ ಅಂತಾಳೆ. ಹೆತ್ತ ಮಗನ ನಿಶ್ಚಿತಾರ್ಥ ಕಣೇ!" ಎಂದ. ನನ್ನ ಅಮ್ಮ ಹೋದ ಮೇಲೆ ನನ್ನನ್ನೂ ಅವನನ್ನೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತಿಟ್ಟು ಬೆಳೆಸಿದವರು ಹಿಂದೆ ಕೂರುವುದೇ?

ನನ್ನ ಮದುವೆಯ ದಿನ ನೆನಪಾಗುತ್ತದೆ. ವೇಣುಗೋಪಾಲ ಚಿಕ್ಕಪ್ಪ ಇಲ್ಲವೆಂದು ನೀವು ಕಂಬದ ಹಿಂದೆ ನಿಂತಿದ್ದಿರಿ. "ಬೇಡ ಪುಟ್ಟಿ, ಮುತ್ತೈದೆಯರು ಮಡಿಲು ತುಂಬಲಿ" ಎಂದಿರಿ. ಬ್ರಿಸ್ಬೇನಿನಿಂದ ಬಂದಿದ್ದ ಕೌಸ್ತುಭ್‌ನ ಸೋದರತ್ತೆ ಸುಭದ್ರಾ ಆಂಟಿ ಕೂಡ "ಅವರೇ ಬೇಡ ಅಂತಿದ್ದಾರಲ್ಲಮ್ಮ" ಎಂದರು. "ನನ್ನ ಚಿಕ್ಕಮ್ಮ ತುಂಬದಿದ್ರೆ ಈ ಮಣೆಯಿಂದ ಏಳಲ್ಲ" ಎಂದು ನಾನು ಹಟ ಹಿಡಿದೆ. ಮಂಟಪದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಯಾರ ಮುಖವನ್ನೂ ನೋಡದೆ ನೀವು ಸುರಿದ ಅಕ್ಕಿ ಸೆರಗಿನಾಚೆಗೂ ಚೆಲ್ಲಿತು. ಅಷ್ಟು ಕಷ್ಟಪಟ್ಟು ನೀವು ಕೊಟ್ಟದ್ದನ್ನು ನಾನು ಹುಡುಗಾಟದಲ್ಲಿ ತುಳಿದೆ.

ಕ್ಷಮಿಸಿ ಎಂದರೆ ತೀರಾ ಸಣ್ಣ ಮಾತು, ಆದರೆ ನನ್ನಲ್ಲಿರುವುದು ಅದೊಂದೇ. ಆ ಕಾಲುಗಳನ್ನೇ ಮಡಚಿ, ಪರ್ತ್‌ನಲ್ಲಿ ನಿಮ್ಮ ವಿಲೆಟನ್ ಮನೆ ಇರುವ ದಿಕ್ಕಿಗೆ ತಿರುಗಿ ನಮಸ್ಕರಿಸುತ್ತಿದ್ದೇನೆ. ಮನಸ್ಸಾದಾಗ ಹರಸಿ.

ನಿಮ್ಮ ತಲೆಹರಟೆ,
ಶರಣ್ಯಾ

ತಾ.ಕ.: ಸೋಮವಾರ ಲಕೋಟೆ ಅಂಟಿಸಿದವಳು ಇವತ್ತು, ಬುಧವಾರ, ಮತ್ತೆ ಬಿಚ್ಚಿದೆ. ಅಂಟಕ್ಕಿ ಸಾಲದೆ ಹೋಗಿರಲಿಲ್ಲ ಚಿಕ್ಕಮ್ಮಾ. ಅರ್ಧ ಚೀಲ ಈಗಲೂ ಇದೆ.

ಮದುವೆಯ ಮರುದಿನ ಪರ್ತ್ ವಿಮಾನ ನಿಲ್ದಾಣದಲ್ಲಿ ಸುಭದ್ರಾ ಆಂಟಿ ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದರು: "ತುಂಬಿಸ್ಕೊಂಡಿದ್ದಾಯ್ತು. ಆದ್ರೆ ಆ ಅಕ್ಕಿ ಒಲೆ ಮೇಲೆ ಇಡ್ಬೇಡ ಕಣಮ್ಮ. ಕೌಸ್ತುಭ್ ಒಬ್ಬನೇ ಮಗ." ನಾನು ನಕ್ಕೆ. ನಕ್ಕು ಮರೆತೆ ಎಂದುಕೊಂಡೆ. ಆದರೆ ಶುಕ್ರವಾರ ಬಂದರೆ ಪಾಯಸ ಮಾಡೋಣವೆಂದು ಡಬ್ಬದ ಮುಚ್ಚಳ ತೆಗೆಯುತ್ತಿದ್ದೆ, ಹೊರಗೆ ಅವನು ಕಾರು ಸ್ಟಾರ್ಟ್ ಮಾಡುವ ಸದ್ದು ಕೇಳುತ್ತಿತ್ತು, ಮುಚ್ಚಳ ಹಾಕಿಬಿಡುತ್ತಿದ್ದೆ. ಎಸೆಯುವ ಧೈರ್ಯವಿರಲಿಲ್ಲ. ಉಣ್ಣುವ ಧೈರ್ಯವೂ ಇರಲಿಲ್ಲ. ಗೋಡೆ ನೆಪಕ್ಕೆ ಸಿಕ್ಕಿತು. ಹುಡುಗಾಟ ಎಂದು ಮೇಲೆ ಬರೆದದ್ದು ಸುಳ್ಳು. ಫೋನಿನಲ್ಲಿ ನನ್ನ ಮುಖ ನೋಡಿದ ಕೂಡಲೇ ಅದು ನಿಮಗೆ ಗೊತ್ತಾಗಿತ್ತು, ಅಲ್ಲವೇ? ಮಂಟಪದಲ್ಲಿ ಚಪ್ಪಾಳೆ ಗಿಟ್ಟಿಸಿದವಳು ಅಡುಗೆಮನೆಯಲ್ಲಿ ಸುಭದ್ರಾ ಆಂಟಿಯೇ ಆಗಿಬಿಟ್ಟಿದ್ದೆ.

ನಿನ್ನೆ ಕೌಸ್ತುಭ್‌ಗೆ ಎಲ್ಲ ಹೇಳಿದೆ. ಮೊದಲು ನಕ್ಕ. ಆಮೇಲೆ "ನಾನು ಸಾಯ್ತೀನಿ ಅಂತ ಚಿಕ್ಕಮ್ಮನ ಕೈ ಮೇಲೆ ಅನುಮಾನ ಪಟ್ಯಾ?" ಎಂದ. ಇವತ್ತು ಬೆಳಿಗ್ಗೆ ಕಾಫಿಗೆ ಸಕ್ಕರೆ ಹಾಕಿದ್ದ. ಕುಡಿಯಲಾಗಲಿಲ್ಲ.

ಡಬ್ಬದಲ್ಲಿ ಒಂದು ಕಾಳೂ ಉಳಿದಿಲ್ಲ. ಮತ್ತೆ ಕೇಳಲು ಬರುತ್ತಿದ್ದೇನೆ, ಸೆರಗೊಡ್ಡಿ. ಈ ಸಲ ನಿಮ್ಮ ಒಲೆಯ ಮೇಲೇ ಪಾಯಸ ಮಾಡಿ, ನಿಮ್ಮೆದುರೇ ಅವನಿಗೆ ಬಡಿಸಿ, ನಾನೂ ಉಣ್ಣುತ್ತೇನೆ. ಕೊಡಲು ಮನಸ್ಸಾಗದಿದ್ದರೆ ಕೊಡಬೇಡಿ, ನನಗೆ ಅದು ತಕ್ಕದ್ದೇ. ಆದರೆ ನನ್ನ ಹೇಡಿತನಕ್ಕಾಗಿ ಶ್ರೀಲಕ್ಷ್ಮಿಯ ತಟ್ಟೆಯನ್ನು ಬೇರೆಯವರ ಕೈಗೆ ಕೊಡಬೇಡಿ. ನಿಶ್ಚಿತಾರ್ಥ ಭಾನುವಾರವಲ್ಲವೇ? ನಾವಿಬ್ಬರೂ ಹಿಂದಿನ ದಿನವೇ, ಇಪ್ಪತ್ಮೂರನೇ ತಾರೀಖು ಶನಿವಾರ, ವಿಮಾನ ಇಳಿದು ಪರ್ತ್‌ನಿಂದ ಮಧ್ಯಾಹ್ನದ ಮ್ಯಾಂಡುರಾ ಟ್ರೇನ್ ಹಿಡಿದು, ಎರಡು ಗಂಟೆಗೆ ನಿಮ್ಮ ಮನೆ ಹತ್ತಿರದ ಬುಲ್ ಕ್ರೀಕ್ ಸ್ಟೇಷನ್ನಿನಲ್ಲಿ ಇಳಿಯುತ್ತೇವೆ.