ಏನೂ ಇಲ್ಲ ಎಂಬ ಸುದ್ದಿ

ಕಚೇರಿ, ಮೂರನೇ ಮಹಡಿ
ಮಾರ್ಚ್ ೧೪, ಊಟದ ಬಿಡುವು

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಅತ್ತಿಗೆ ಕ್ಷೇಮವೇ? ಇದು ಮೂರನೇ ಪತ್ರ. ಫೋನು ನೀನು ಎತ್ತುವುದಿಲ್ಲ. ಕ್ಷೇಮವನ್ನು ಕೋಪದಲ್ಲಿ ಕೇಳುತ್ತಿದ್ದೇನೆ, ಆದರೂ ಕೇಳುತ್ತಿದ್ದೇನೆ.

ಬೆಳಿಗ್ಗೆ ಇಲ್ಲಿ ಎಲ್ಲವೂ ನಿಂತುಹೋಗಿತ್ತು. ಹೊಳೆಯ ನೀರಿನ ಮಟ್ಟದ ಅಳತೆ ಕ್ಷಣಕ್ಷಣಕ್ಕೂ ನಮ್ಮ ಕಂಪ್ಯೂಟರುಗಳಿಗೆ ಹರಿದುಬಂದು ಎರಡು ದಾರಿಯಾಗಿ ಒಡೆಯುತ್ತದೆ. ಒಂದರಲ್ಲಿ ಎಲ್ಲ ಅಳತೆಗಳೂ ಹೋಗುತ್ತವೆ; ಇನ್ನೊಂದರಲ್ಲಿ ಅನುಮಾನ ಹುಟ್ಟಿಸಿದವು ಮಾತ್ರ. ಕೊನೆಯಲ್ಲಿ ಕೂತ ಪ್ರೋಗ್ರಾಂ ಎರಡನ್ನೂ ಸಮಯದ ಸರದಿಯಂತೆ ಜೋಡಿಸಬೇಕು. ಎರಡನೇ ದಾರಿ ಸುಮ್ಮನಿದ್ದರೆ, ಅಲ್ಲಿ ಏನೂ ಇಲ್ಲವೋ, ಬರುವುದು ತಡವೋ ಅದಕ್ಕೆ ತಿಳಿಯದು, ಕಾಯುತ್ತದೆ. ಅಷ್ಟರಲ್ಲಿ ಮೊದಲ ದಾರಿ ತುಂಬಿ, ಹಿಂದಿನಿಂದ ಕಳಿಸುವುದೂ ನಿಲ್ಲುತ್ತದೆ. ಅದು ನಿಂತಮೇಲೆ ಎರಡನೆಯದಕ್ಕೆ ಬರುವುದಾದರೂ ಏನು? ಯಾವುದೂ ಕೆಟ್ಟಿರುವುದಿಲ್ಲ, ಯಾವುದೂ ಕದಲುವುದಿಲ್ಲ. ಹಾಗಾಗದಿರಲೆಂದೇ ಸುಮ್ಮನಿರುವ ದಾರಿ ಆಗಾಗ ‘ಇಲ್ಲಿಯವರೆಗೆ ನನ್ನಲ್ಲಿ ಏನೂ ಇಲ್ಲ’ ಎಂದು ಖಾಲಿ ಸುದ್ದಿಯೊಂದನ್ನು ಕಳಿಸುತ್ತದೆ. ನಮ್ಮ ತಂಡದ ಕನ್ನಡಕದ ಹುಡುಗ ವೇಗ ಹೆಚ್ಚಲೆಂದು ನಿನ್ನೆ ಅದನ್ನೇ ಕಿತ್ತುಹಾಕಿದ್ದ. “ಏನೂ ಇಲ್ಲ ಅನ್ನೋದನ್ನೂ ಹೇಳ್ಬೇಕಾ ಮೇಡಂ? ಇದ್ರೆ ಹೇಳುತ್ತೆ ಬಿಡಿ!” ಮೇಜು ಗುದ್ದಿ ಬೈದೆ. ಬಾಯಿ ಮುಚ್ಚಿ ಕೂತವರಿಂದಲೇ ಮನೆ ಹಾಳಾಗುವುದು, ಒಂದು ಸಾಲು ಬರೆಯಲು ಕೈಗೇನು ಲಕ್ವ ಹೊಡೆದಿತ್ತೇ ಎಂದೆಲ್ಲ. ಅವನು ಕನ್ನಡಕ ಒರೆಸಿಕೊಂಡು, “ಇದಿಷ್ಟೂ ನನಗೇನಾ ಮೇಡಂ?” ಎಂದ.

ಅಮ್ಮನ ಹೃದಯದ ಕವಾಟ ಬದಲಿಸಲು ಡಾಕ್ಟರು ಇಪ್ಪತ್ತೆರಡನೇ ತಾರೀಕು ಕೊಟ್ಟಿದ್ದಾರೆ. ಅದು ತಪ್ಪಿದರೆ ಅವರು ಜವಾಬ್ದಾರರಲ್ಲವಂತೆ. ಒಪ್ಪಿಗೆ ಪತ್ರಕ್ಕೆ ಅವರಿಗೆ ಅಮ್ಮನ ಸಹಿ ಬೇಕು. “ದೊಡ್ಡೋನು ಒಂದು ಸಲ ಹೂಂ ಅನ್ಲಿ” ಎಂದು ಅಮ್ಮನ ಹಟ. “ಅಮ್ಮ ಬಾಯಿಬಿಟ್ಟು ಕೇಳ್ಲಿ, ಹೇಳ್ತೀನಿ” ಎಂದು, ಫೋನು ಎತ್ತುತ್ತಿದ್ದಾಗ, ನಿನ್ನದು. ಮೊನ್ನೆ ಅಮ್ಮ ನಾಲ್ಕನೇ ಮೆಟ್ಟಿಲಲ್ಲೇ ಕುಸಿದು ಕೂತಳು. ಏದುಸಿರಿನ ನಡುವೆಯೂ ಅಂಚೆಯವನು ಬಂದನೇ ಎಂದಳು. ಅಪ್ಪ ಹೋದ ದಿನ ನಿಮ್ಮಿಬ್ಬರ ನಡುವೆ ಏನು ಮಾತು ಬಂತೋ, ನನಗೆ ಬೇಡ. ‘ಬೇಡ’ ಎಂದು ಬರೆದಿದ್ದರೂ ಅವಳ ಜೊತೆ ಕೂತು ಜಗಳವಾಡಿ ಒಪ್ಪಿಸುತ್ತಿದ್ದೆ. ನಿನ್ನ ಮೌನದ ಜೊತೆ ಹೇಗೆ ಜಗಳವಾಡಲಿ?

ಅತ್ತಿಗೆಗೆ ನಮಸ್ಕಾರ. ನಿನಗೂ ಹೇಳಬೇಕಲ್ಲ, ದೊಡ್ಡವನು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಈಗಷ್ಟೇ ಮನೆಗೆ ಫೋನ್ ಮಾಡಿ, ಅಣ್ಣ ಪತ್ರ ಬರೆದಿದ್ದಾನೆ, ಒಪ್ಪಿದ್ದಾನೆ ಎಂದು ಸುಳ್ಳು ಹೇಳಿಬಿಟ್ಟೆ. ಅಮ್ಮ ಅತ್ತಳು. ಆಮೇಲೆ, ಅವನ ಕಾಗದ ಕೈಗೆ ಕೊಡು, ನೋಡಿಯೇ ಸಹಿ ಹಾಕ್ತೀನಿ ಎಂದಳು. ನಿನ್ನ ಅಕ್ಷರ ನನಗೆ ಬರೆಯಲು ಬರುವುದಿಲ್ಲ, ಅಣ್ಣಾ.