ತಡವಾಗಿ ಬರುವ ಚುಕ್ಕಿ

ಅತ್ತಿಗೆಗೆ ಹಡಗಿನಿಂದ ನಮಸ್ಕಾರ.

ಅಣ್ಣನ ಹಾಗೆ ನಾನೂ ಈಗ ರೇಡಿಯೋ ಕೋಣೆಯವನು. ದಿನವಿಡೀ ಕಿವಿಗೆ ಹೆಡ್‌ಫೋನು. ಇಲ್ಲೊಂದು ವಿಚಿತ್ರ ಕೇಳಿ. ಎಲ್ಲರೂ ಬಡಿಯುವುದು ಮೋರ್ಸ್ ಸಂಕೇತದ ಅದೇ ಚುಕ್ಕಿ, ಅದೇ ಗೆರೆ. ಆದರೂ ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿನಲ್ಲೇ ಮನೆಯವರನ್ನು ಗುರುತಿಸುವ ಹಾಗೆ, ಬಡಿಯುವವರು ಯಾರೆಂದು ತಿಳಿದುಬಿಡುತ್ತದೆ. ತಡೆತಡೆದು ಬಡಿಯುವ ಶತ್ರು ಹಡಗಿನವನೊಬ್ಬನಿಗೆ ನಾವು ‘ಬಿಕ್ಕಳಿಕೆ’ ಎಂದೇ ಹೆಸರಿಟ್ಟಿದ್ದೇವೆ.

ನಿನ್ನೆ ಬೆಳಿಗ್ಗೆ ಯಾವುದೋ ಹಡಗು ಹವಾಮಾನದ ವರದಿ ಕಳಿಸಿತು. ಮೂರು ಚುಕ್ಕಿ ಬಂದಲ್ಲೆಲ್ಲ ಮೂರನೆಯದು ಚೂರು ತಡ. ಚಮಚದಿಂದ ಊಟದ ಮೇಜು ಬಡಿದು ನನಗೆ ಈ ವಿದ್ಯೆ ಕಲಿಸಿದ ಕೈ ಅದು. ನೀವು ಬಾಗಿಲು ಹಾಕುವಾಗ ಜಜ್ಜಿದ ಬೆರಳು ಯಾರದು, ಹೇಳಿ!

“ನಮ್ಮಣ್ಣ, ಸಾರ್!” ಎಂದು ಕೂಗಿದೆ.

“ಬರೀ ಸದ್ದು ಕೇಳಿ ಕಾಣೆಯಾದವರ ಪಟ್ಟಿಯಿಂದ ಹೆಸರು ತೆಗೆಯೋಕಾಗಲ್ಲ ಕಣಯ್ಯ,” ಅಂದರು ಮೇಲಧಿಕಾರಿ. ಆದರೂ ನನ್ನ ಹೆಡ್‌ಫೋನು ಕಿತ್ತುಕೊಂಡು ಕೊನೆಯವರೆಗೆ ಕೇಳಿದರು. ನಮ್ಮ ಕಾಗದಗಳನ್ನು ಓದಿ, ಬೇಡದ್ದಕ್ಕೆ ಮಸಿ ಬಳಿದು ಅಂಚೆಗೆ ಬಿಡುವವರೂ ಅವರೇ. ಈ ಕಾರ್ಡಿಗೆ ಮಸಿ ಬಳಿದಿಲ್ಲವಾದರೆ ಅವರೂ ಒಪ್ಪಿದರೆಂದೇ ಲೆಕ್ಕ.

ಎಡಗಿವಿ ಗುಂಯ್‌ಗುಡುವುದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಜಾಗ ಮುಗಿಯಿತು. ಅಣ್ಣನ ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಬರೆದಿದ್ದಿರಲ್ಲ, ಕೊಡಬೇಡಿ.

ನಿಮ್ಮ ಮೈದುನ